ಮುದ್ದೇಬಿಹಾಳದ ಆ ಸಕ್ಕರಿ ಪುಡಾ

ಮೊನ್ನೆ ಸೊಸೆ ಮೊಬೈಲ್ ತಂದು ನನ್ನ ಮೂಗಿನ ಹತ್ತಿರ ಹಿಡಿದಳು. ಮೊಮ್ಮಗಳ ಶಾಲೆಯಿಂದ ಬಂದ ಸಂದೇಶ. ಪ್ರೇಮಿಗಳ ದಿನಕ್ಕೆ ಮಕ್ಕಳ ಜೊತೆ ಕೂತು ಮನೆಯಲ್ಲೇ ಸುಲಭವಾಗಿ ಮಾಡಬಹುದಾದ ಕಾರ್ಡು. ಕೆಂಪು ಕಾಗದವನ್ನು ನಡುವೆ ಮಡಚಿ, ಮಡಿಕೆಯ ಕಡೆಯಿಂದ ಅರ್ಧ ಆಕಾರ ಬರೆದು, ಒಂದೇ ಸಲ ಕತ್ತರಿ ಆಡಿಸಿ ಬಿಡಿಸಿದರೆ ಹಾರ್ಟ್ ತಯಾರು. ಒಳಗೊಂದು ಚಾಕಲೇಟು ಅಂಟಿಸಿ, ಯಾರ ಮೇಲೆ ಪ್ರೀತಿಯೋ ಅವರಿಗೆ ಕೊಡಬೇಕಂತೆ.

“ಅತ್ತೀ, ಭಾಳ ಸುಲಭ ಐತ್ರಿ. ನೀವು ಸಾಲಿ ಹುಡುಗೂರಿಗೆ ಇಂಥಾವ ಎಷ್ಟ ಮಾಡಿಸೀರಿ. ಪುಟ್ಟಿಗೆ ಒಂದೀಟು ಹೇಳಿಕೊಡ್ರಿ,” ಎಂದಳು.

“ಸುಲಭ ಅಂತ ಯಾವ ಶಾಣ್ಯಾ ಬರದಾನ?” ಎಂದು ನಾನು ಕೂಗಿದ್ದು ಹಿತ್ತಲಿನವರೆಗೂ ಕೇಳಿಸಿರಬೇಕು. ಸೊಸೆ ಪಾಪ, ಮೊಬೈಲ್ ಮುಚ್ಚಿಕೊಂಡು ಒಳಗೆ ಹೋದಳು. ಅತ್ತೆಗೆ ವಯಸ್ಸಾಯಿತು, ಸಿಟ್ಟು ಜಾಸ್ತಿಯಾಗಿದೆ ಎಂದು ನನ್ನ ಮಗನಿಗೆ ಫೋನಿನಲ್ಲಿ ಹೇಳಿದ್ದೂ ಕೇಳಿಸಿತು. ವಯಸ್ಸಿಗೂ ಈ ಸಿಟ್ಟಿಗೂ ಸಂಬಂಧವಿಲ್ಲ. ಇದು ನಾನು ಇಪ್ಪತ್ತೆರಡರ ಹುಡುಗಿಯಾಗಿದ್ದಾಗ ಬಂದ ಸಿಟ್ಟು, ಇನ್ನೂ ಇಳಿದಿಲ್ಲ.

ಸಂಜೆ ಪುಟ್ಟಿ ಹಟ ಹಿಡಿದು ಅಡುಗೆಮನೆಯಲ್ಲಿ ಮೈದಾ ಕುದಿಸಿ ಅಂಟು ಮಾಡಿಸಿಕೊಂಡಳು. ಆ ಬಿಸಿ ಮೈದಾದ ವಾಸನೆ ಮನೆ ತುಂಬಾ ಹರಡಿತು. ಬಸವನ ಬಾಗೇವಾಡಿಯ ಈ ಮನೆಯ ಮಂಚದ ಮೇಲೆ ಕೂತಿದ್ದವಳು ನಾನು, ಮುದ್ದೇಬಿಹಾಳದ ಬಾಡಿಗೆ ಕೋಣೆಗೆ ಹೋಗಿ ಬಿದ್ದೆ.

ಎಪ್ಪತ್ತರ ದಶಕದ ನಡುವಿನ ಮಾತು. ಮಾಸ್ತರಿಕೆಯ ಟ್ರೇನಿಂಗ್ ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಊರು ಮುದ್ದೇಬಿಹಾಳ. ಸಿಂದಗಿ ಬೇಕೆಂದು ಆಸೆಪಟ್ಟಿದ್ದೆ, ಅಲ್ಲಿ ಸೋದರಮಾವನ ಮನೆಯಿತ್ತು. ಸಿಗಲಿಲ್ಲ. ಹೆಣ್ಣುಮಕ್ಕಳ ಶಾಲೆಯಲ್ಲಿ ಏಳನೆಯ ತರಗತಿ ಕೊಟ್ಟರು. ಆಗ ಏಳನೆಯದಕ್ಕೆ ಪಬ್ಲಿಕ್ ಪರೀಕ್ಷೆ. ಅದನ್ನು ದಾಟಿದರೆ ಹೈಸ್ಕೂಲು, ದಾಟದಿದ್ದರೆ ಒಲೆ. ಜೂನ್ ತಿಂಗಳಲ್ಲಿ ತರಗತಿ ತುಂಬಾ ಇದ್ದ ಹುಡುಗಿಯರು ದೀಪಾವಳಿ ದಾಟುವಷ್ಟರಲ್ಲಿ ಅರ್ಧಕ್ಕರ್ಧ ಕರಗಿದ್ದರು. ಒಬ್ಬಳಿಗೆ ತಮ್ಮನನ್ನು ಎತ್ತಿಕೊಳ್ಳುವ ಕೆಲಸ, ಒಬ್ಬಳಿಗೆ ಹೊಲದ ಕೆಲಸ, ಇನ್ನೊಬ್ಬಳು ದೊಡ್ಡವಳಾದಳು. ಕೇಳಲು ಹೋದರೆ ಎಲ್ಲರ ಮನೆಯಲ್ಲೂ ಚಹಾ ಕೊಟ್ಟು ಕೂರಿಸಿ, ನಗುನಗುತ್ತಾ ಇಲ್ಲ ಅನ್ನುತ್ತಿದ್ದರು. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ.

ಉಳಿದವರಲ್ಲಿ ಕಸ್ತೂರಿ ಎಂಬ ಹುಡುಗಿ ಇದ್ದಳು. ಹದಿಮೂರು ತುಂಬಿತ್ತು. ತೆಳ್ಳಗೆ, ಉದ್ದಕ್ಕೆ, ಮಾತು ಚಾಕುವಿನಷ್ಟು ಹರಿತ. ಗಣಿತದ ಲೆಕ್ಕ ನಾನು ಹಲಗೆಯ ಮೇಲೆ ಬರೆದು ಮುಗಿಸುವ ಮೊದಲೇ ಉತ್ತರ ಹೇಳಿ, “ಮುಂದಿಂದು ಬರೀರಿ ಅಕ್ಕೋರ,” ಎಂದು ಅವಸರ ಮಾಡುತ್ತಿದ್ದಳು. ನಮ್ಮ ಕಡೆ ಶಾಲೆಯ ಟೀಚರಮ್ಮನಿಗೆ ಅಕ್ಕೋರು ಅನ್ನುತ್ತಾರೆ. ನಾನೂ ಅಕ್ಕೋರು ಆಗಬೇಕು ಎಂದು ಅವಳು ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದಳು. ಅವಳ ಅಪ್ಪ ಮಲ್ಲಪ್ಪ, ಪೇಟೆಯ ಅಡತಿ ಅಂಗಡಿಯಲ್ಲಿ, ಅಂದರೆ ಕಾಳಿನ ಮಂಡಿಯಲ್ಲಿ, ಜೋಳ, ಕಡಲೆ ತೂಗುವವನು. ಮೆದು ಮಾತಿನ ಮನುಷ್ಯ. ಎದುರು ಸಿಕ್ಕರೆ ಕೈಮುಗಿದು ಬದಿಗೆ ಸರಿದು ನಿಲ್ಲುತ್ತಿದ್ದ. ಇಂಥವನಿಂದ ಏನೂ ಅಡ್ಡಿಯಿಲ್ಲ ಎಂದು ನಾನು ತಿಳಿದಿದ್ದೆ.

ಆ ವರ್ಷ ಚಳಿ ಜೋರಿತ್ತು. ಬೆಳಗ್ಗೆ ಮಾತಾಡಿದರೆ ಬಾಯಿಂದ ಹೊಗೆ ಬರುತ್ತಿತ್ತು. ಕುಸುರೆಳ್ಳು ಮಾಡಲು ಇದಕ್ಕಿಂತ ಒಳ್ಳೆಯ ಹವೆ ಬೇರಿಲ್ಲ. ಎಳ್ಳನ್ನು ತಾಟಿನಲ್ಲಿ ಹಾಕಿ, ಇದ್ದಿಲಿನ ಶೇಗಡಿಯ ಮೇಲೆ ಸಣ್ಣ ಶಾಖದಲ್ಲಿಟ್ಟು, ಸಕ್ಕರೆ ಪಾಕವನ್ನು ಹನಿಹನಿಯಾಗಿ ಬಿಡುತ್ತಾ ಬೆರಳ ತುದಿಯಿಂದ ಆಡಿಸುತ್ತಲೇ ಇರಬೇಕು. ಚಳಿಯಿದ್ದರೆ ಒಂದೊಂದು ಕಾಳಿಗೂ ಬೆಳ್ಳಗೆ ಮುಳ್ಳು ಏಳುತ್ತವೆ. ಸಂಕ್ರಾಂತಿ ಹತ್ತಿರ ಬಂದಾಗ ನಾನು ಶಾಲೆ ಬಿಟ್ಟ ಮೇಲೆ ಹುಡುಗಿಯರನ್ನು ನನ್ನ ಕೋಣೆಗೆ ಕರೆದೆ. ಕಾರಣ ಸ್ಪಷ್ಟವಾಗಿತ್ತು. ಕೈಗೆ ಒಂದು ಕೆಲಸ ಕೊಟ್ಟು ಕೂರಿಸಿದರೆ ಬಾಯಿಪಾಠವನ್ನೂ ಹೇಳಿಸಬಹುದು, ಮತ್ತೆ ಸಂಕ್ರಾಂತಿಯ ಕೆಲಸ ಎಂದರೆ ಯಾವ ತಾಯಿಯೂ ಬೇಡ ಅನ್ನುವುದಿಲ್ಲ. ಒಬ್ಬಳು ಪಾಕ ಬಿಡುತ್ತಿದ್ದಳು, ಒಬ್ಬಳು ತಾಟು ಆಡಿಸುತ್ತಿದ್ದಳು, ಉಳಿದವರು ನದಿಗಳ ಹೆಸರು ಒಪ್ಪಿಸುತ್ತಿದ್ದರು. ಬೆರಳು ಸುಟ್ಟರೆ ಬಾಯಿಗಿಟ್ಟುಕೊಂಡು ಚೀಪುವ ನೆಪದಲ್ಲಿ ಸಕ್ಕರೆ ನೆಕ್ಕುತ್ತಿದ್ದರು.

ಕುಸುರೆಳ್ಳು ಕೊಡಲು ಕಾರ್ಡು ಮಾಡೋಣ ಎಂದದ್ದು ನಾನು. ಧಾರವಾಡದ ಅಂಗಡಿಗಳಲ್ಲಿ ಸಂಕ್ರಾಂತಿಯ ಕಾರ್ಡುಗಳನ್ನು ನೋಡಿದ್ದೆ. ಕೊಳ್ಳುವುದು ಯಾಕೆ, ಮಾಡಿದರಾಯಿತು. ತರಗತಿಯ ರಜಿಯಾಳ ಅಪ್ಪ ಪತಂಗ, ಅಂದರೆ ಗಾಳಿಪಟ, ಮಾರುವವರು. ಹಂಗಾಮಿನಲ್ಲಿ ಖರ್ಚಾಗದ ಕೆಂಪು ಹಾಳೆಗಳ ಕಟ್ಟನ್ನೇ ಅವರು ಕಳಿಸಿಕೊಟ್ಟರು. ಹಳೆಯ ಕ್ಯಾಲೆಂಡರಿನ ದಪ್ಪ ಕಾಗದಕ್ಕೆ ಮೈದಾ ಅಂಟಿನಿಂದ ಕೆಂಪು ಹಾಳೆ ಹಚ್ಚಿ, ಒಣಗಿಸಿ, ನಡುವೆ ಮಡಚಿ, ಅರ್ಧ ವೀಳ್ಯದೆಲೆ ಬರೆದು ಕತ್ತರಿಸಿದರೆ ಮುಗಿಯಿತು. ಬಿಡಿಸಿದಾಗ ಪೂರ್ತಿ ಎಲೆ. ಚಿಕ್ಕವರೂ ಮಾಡಬಹುದಾದ ಕೆಲಸ. ಆಗ ಅದನ್ನು ಯಾರೂ ಹಾರ್ಟ್ ಎನ್ನಲಿಲ್ಲ. ನಮಗೆಲ್ಲ ಅದು ಎಲೆ. ಎಲೆಯ ನಡುವೆ ತೆಳು ಬಿಳಿ ಕಾಗದದ ಪೊಟ್ಟಣ, ಪೊಟ್ಟಣದಲ್ಲಿ ಚಿಟಿಕೆ ಕುಸುರೆಳ್ಳು. ಪೊಟ್ಟಣಕ್ಕೆ ನಮ್ಮ ಕಡೆ ಪುಡಾ ಎನ್ನುತ್ತಾರೆ. ಹುಡುಗಿಯರು ತಮ್ಮತಮ್ಮಲ್ಲೇ ಅದಕ್ಕೆ ಸಕ್ಕರಿ ಪುಡಾ ಎಂದು ಹೆಸರಿಟ್ಟುಕೊಂಡರು. “ಏ, ನನ್ನ ಸಕ್ಕರಿ ಪುಡಾ ತುಳಿಬ್ಯಾಡ,” “ನಿನ್ನ ಸಕ್ಕರಿ ಪುಡಾ ಸೊಟ್ಟ ಆಗೇತಿ ನೋಡು,” ಎಂದು ಇಡೀ ಸಂಜೆ ಅದೇ ಮಾತು.

ಆ ಮಾತಿಗೆ ಇನ್ನೊಂದು ಅರ್ಥವಿದೆ ಎಂದು ನಮ್ಮ ಸೀಮೆಯವರಿಗೆ ಹೇಳಬೇಕಿಲ್ಲ, ಬೇರೆಯವರಿಗೆ ಹೇಳುತ್ತೇನೆ. ಮರಾಠಿ ನೆಲದಿಂದ ಬಂದ ಪದ. ಹೆಣ್ಣು ಗಂಡು ಗಟ್ಟಿಯಾದಾಗ ಎಲೆ ಹಂಚಿ, ಸಕ್ಕರೆಯ ಪೊಟ್ಟಣ ಕೈಗೆ ಕೊಡುತ್ತಾರೆ. ಅದೇ ಸಕ್ಕರಿ ಪುಡಾ. ಅಂದರೆ ನಿಶ್ಚಯ. ಅಷ್ಟಾದರೆ ಮಾತು ಮುಗಿದ ಹಾಗೆ, ತಿರುಗಿಸುವಂತಿಲ್ಲ. ಹನ್ನೆರಡು ಹದಿಮೂರರ ಹುಡುಗಿಯರು ಕುಸುರೆಳ್ಳಿನ ಪೊಟ್ಟಣಕ್ಕೆ ಸಕ್ಕರಿ ಪುಡಾ ಎಂದರೆ ಅದರಲ್ಲಿ ನಿಶ್ಚಯ ಹುಡುಕುವ ಮನಸ್ಸು ಯಾರಿಗಾದರೂ ಇದ್ದೀತು ಎಂದು ನನಗೆ ಹೊಳೆಯಲಿಲ್ಲ. ಹೊಳೆಯಬೇಕಿತ್ತು ಎಂದು ಆಮೇಲೆ ಬಹಳ ಜನ ಹೇಳಿದರು. ನಾನು ಒಪ್ಪುವುದಿಲ್ಲ. ಮಕ್ಕಳ ಮಾತನ್ನು ಮಕ್ಕಳ ಮಾತೆಂದು ತಿಳಿಯುವುದು ತಪ್ಪಲ್ಲ.

ಸಂಕ್ರಾಂತಿಯ ದಿನ ಊರಿಗೆ ಊರೇ ಕೃಷ್ಣೆಯ ಸ್ನಾನಕ್ಕೆಂದು ತಂಗಡಗಿಗೆ ಹೋಗಿ ಬಂತು. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಬದನೆಕಾಯಿ ಎಣಗಾಯಿ ತಿಂದು, ಬಿಸಿಲು ಇಳಿದ ಮೇಲೆ ಹುಡುಗಿಯರು ಹೊಸ ಲಂಗ ಹಾಕಿಕೊಂಡು ಮನೆಮನೆಗೆ ಎಳ್ಳು ಕೊಡಲು ಹೊರಟರು. ಕಸ್ತೂರಿಯೂ ಹೊರಟಳು. ಅಪ್ಪ ಕೆಲಸ ಮಾಡುವ ಅಡತಿ ಅಂಗಡಿಯ ಯಜಮಾನರ ಮನೆಗೆ ಮೊದಲು ಹೋಗಬೇಕೆಂದು ಅವಳ ತಾಯಿ ಹೇಳಿ ಕಳಿಸಿದ್ದಳು. ಅಲ್ಲಿ ಆ ಮನೆಯ ಹಿರಿಯಳು ನೀಲಮ್ಮ ಪಡಸಾಲೆಯಲ್ಲಿ ಕೂತಿದ್ದಳು, ಸುತ್ತ ನಾಲ್ಕಾರು ಹೆಂಗಸರು. ಕಸ್ತೂರಿ ಕಾಲಿಗೆ ಬಿದ್ದು ಎದ್ದು, ಎಳ್ಳು-ಬೆಲ್ಲ ತಗೊಂಡು ಎಳ್ಳು-ಬೆಲ್ಲದಂಗ ಇರೋಣ್ರಿ ಎನ್ನಬೇಕಾದವಳು, ವಾರವೆಲ್ಲ ಬಾಯಿಗೆ ಹತ್ತಿದ ಮಾತನ್ನೇ ಹೇಳಿಬಿಟ್ಟಳು.

“ಅಮ್ಮಾ, ಸಕ್ಕರಿ ಪುಡಾ ತಗೋರಿ.”

ಪಡಸಾಲೆಯಲ್ಲಿ ನಗು ಎದ್ದಿತಂತೆ. ಅಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ನೀಲಮ್ಮ ಮಾತ್ರ ನಗಲಿಲ್ಲ. ಅವಳಿಗೊಬ್ಬ ಮೊಮ್ಮಗ, ಸಂಗಣ್ಣ. ಇಪ್ಪತ್ತೈದು ದಾಟಿದವನು. ಮಧ್ಯಾಹ್ನದಿಂದ ಸಂಜೆಯವರೆಗೆ ಇಸ್ಪೀಟು, ಸಂಜೆಯಿಂದ ಮುಂದೆ ಕುಡಿತ. ಕಟ್ಟಿಕೊಂಡವಳು ತವರಿಗೆ ಹೋದವಳು ಮರಳಲಿಲ್ಲ, ಅವಳ ಮೈಮೇಲೆ ಏನೇನು ಗಾಯಗಳಿದ್ದವು ಎಂದು ತಾಳಿಕೋಟೆಯವರೆಗೂ ಗೊತ್ತಿತ್ತು. ಎರಡನೆಯ ಹೆಣ್ಣು ಹುಡುಕಿ ನೀಲಮ್ಮ ಸೋತಿದ್ದಳು. ಈಗ ಕೈಯಲ್ಲಿ ಕೆಂಪು ಎಲೆ, ಎಲೆಯೊಳಗೆ ಸಕ್ಕರೆ, ತಂದವಳು ತಮ್ಮದೇ ಅಂಗಡಿಯ ತೂಗುವವನ ಮಗಳು. ಮುದುಕಿ ಎಲೆಯನ್ನು ಕಣ್ಣಿಗೊತ್ತಿಕೊಂಡು ದೇವರ ಮುಂದೆ ಇಟ್ಟಳು. ಮರುದಿನ ಮಲ್ಲಪ್ಪನನ್ನು ಕರೆಸಿದಳು.

ಇದೆಲ್ಲ ನನಗೆ ಗೊತ್ತಾದದ್ದು ಕಸ್ತೂರಿಯಿಂದ. ಶಾಲೆಗೆ ಬಂದು, ಚೀಲವನ್ನು ಬೆಂಚಿನ ಮೇಲೆ ಎಸೆದು, “ಅಕ್ಕೋರ, ನನ್ನ ಲಗ್ನ ಅಂತ್ರಿ,” ಎಂದಳು. ಅಳುತ್ತಿರಲಿಲ್ಲ. ಅವಳ ಮೂಗಿನ ಹೊಳ್ಳೆ ಅರಳಿತ್ತು. “ನಾ ಎಳ್ಳ ಕೊಟ್ಟೇನ್ರಿ, ಅವರು ನನ್ನ ಇಟ್ಕೊಳ್ಳಾಕ ಹೊಂಟಾರ.”

ಅದೇ ಸಂಜೆ ನಾನು ಮಲ್ಲಪ್ಪನ ಮನೆಗೆ ಹೋದೆ. ಹೆಂಡತಿ ಚಹಾ ತಂದಿಟ್ಟು ಬಾಗಿಲ ಹಿಂದೆ ನಿಂತಳು. ಮಲ್ಲಪ್ಪ ಎಂದಿನಂತೆ ಕೈಮುಗಿದ.

“ಮಲ್ಲಪ್ಪ, ಆ ಹುಡುಗ ಎಂಥಾವ ಅಂತ ನಿಮಗ ಗೊತ್ತೈತಿಲ್ಲೋ?” ಎಂದು ಕೇಳಿದೆ.

“ಗೊತ್ತೈತ್ರಿ. ಆದ್ರ ಎಲಿ ಬಂತು, ಸಕ್ಕರಿ ಬಂತು. ಅದೂ ಸಂಕ್ರಾಂತಿ ದಿನ, ಹುಡುಗಿ ತಾನ ಕೈಯಾರೆ ಕೊಟ್ಟಾಳ. ದೊಡ್ಡಮ್ಮಾರು ಏನಂದ್ರು ಗೊತ್ತೇನ್ರಿ? ಹುಡುಗನ ಕಡಿಂದ ಹೋಗೂ ಪುಡಾ ಹುಡುಗಿ ಕಡಿಂದ ಬಂದೈತಿ ಅಂದ್ರ ಇದು ದೇವರ ಮಾತು ಅಂದ್ರು.”

“ಅದು ಪತಂಗದ ಕಾಗದ. ನಾನ ಕತ್ತರಿಸಾಕ ಹೇಳಿಕೊಟ್ಟೇನಿ. ಅದರಾಗ ದೇವರು ಎಲ್ಲಿಂದ ಬಂದ?”

“ನಿಮ್ಮ ಕೈಲೆ ದೇವರು ಮಾಡಿಸ್ಯಾನ್ರಿ,” ಎಂದು ಅವನು ಭಕ್ತಿಯಿಂದ ಹೇಳಿದ. ನನಗೆ ಚಹಾದ ಬಟ್ಟಲನ್ನು ಗೋಡೆಗೆ ಎಸೆಯಬೇಕೆನಿಸಿತು. ಜಗಳವಾಡುವವನ ಜೊತೆ ಜಗಳವಾಡಬಹುದು. ಕೈಮುಗಿದುಕೊಂಡೇ ಮಗಳನ್ನು ಬಾವಿಗೆ ನೂಕುವವನಿಗೆ ಏನು ಹೇಳುವುದು?

ಹೆಡ್ ಮಾಸ್ತರರ ಹತ್ತಿರ ಹೋದೆ. ಅವರು ಎಲೆ ಅಡಿಕೆ ಜಗಿಯುತ್ತಾ ಎಲ್ಲ ಕೇಳಿಸಿಕೊಂಡು, “ದೊಡ್ಡವರ ಮನಿ ವಿಷಯ ಅಕ್ಕೋರ, ನಮಗ್ಯಾಕ ಬೇಕ್ರಿ? ಇನ್ನ ಮುಂದ ಕತ್ತರಿ ಕೆಲಸ ಬಿಟ್ಟು ಪಾಠ ಮಾಡ್ರಿ,” ಎಂದರು. ಆ ಮನೆಯವರು ಶಾಲೆಗೆ ಗಡಿಯಾರ ಕೊಟ್ಟಿದ್ದರು, ಅದು ಅವರ ತಲೆಯ ಮೇಲೆಯೇ ಟಿಕ್ ಟಿಕ್ ಅನ್ನುತ್ತಿತ್ತು. ಇಂಥ ಹೆಡ್ ಮಾಸ್ತರರನ್ನು ಆಮೇಲೆ ಬೇರೆ ಊರುಗಳಲ್ಲೂ ನೋಡಿದೆ. ಎಲ್ಲರೂ ಒಂದೇ ದರ್ಜಿ ಹೊಲಿದ ಕೋಟು ಹಾಕಿಕೊಂಡಂತೆ ಇದ್ದರು.

ಉಪಾಯ ನನ್ನದಲ್ಲ, ಕಸ್ತೂರಿಯದು. ಎಲ್ಲರೂ ಕೋಣೆಯಲ್ಲಿ ಸಪ್ಪಗೆ ಕೂತಿದ್ದೆವು. ಉಳಿದ ಕೆಂಪು ಹಾಳೆಗಳ ಕಟ್ಟು ಮೂಲೆಯಲ್ಲಿತ್ತು. ಅವಳು ಅದನ್ನೇ ನೋಡುತ್ತಾ ಇದ್ದಕ್ಕಿದ್ದಂತೆ, “ಅಕ್ಕೋರ, ಎಳ್ಳ ಯಾವಾಗಿನ ತನಕ ಕೊಡಬಹುದ್ರಿ?” ಎಂದಳು.

“ರಥಸಪ್ತಮಿ ತನಕ.”

“ಹಂಗಾದ್ರ ಊರಿಗೆಲ್ಲಾ ಕೊಡೂಣ್ರಿ. ಎಲ್ಲಾರ ಮನಿಗೂ ಎಲಿ, ಎಲ್ಲಾರಿಗೂ ಸಕ್ಕರಿ ಪುಡಾ. ಮತ್ತ ಯಾರ್ಯಾರ ಮನಿಗೆ ನನ್ನ ಸೊಸಿ ಮಾಡಿ ಕಳಸ್ತಾರ ನೋಡೂಣು!”

ರಜಿಯಾ ಚಪ್ಪಾಳೆ ತಟ್ಟಿದಳು. ಅಷ್ಟು ಸಿಟ್ಟಿನಲ್ಲಿ ಅಷ್ಟು ಸಂತೋಷದಿಂದ ನಾನು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ. ಶೇಗಡಿ ಮತ್ತೆ ಹೊತ್ತಿತು. ಅಂಟು ಕುದಿಯಿತು. ಮಡಚಿ, ಕತ್ತರಿಸಿ, ಬಿಡಿಸಿ, ಪೊಟ್ಟಣ ಅಂಟಿಸಿ ಗುಡ್ಡೆ ಹಾಕಿದೆವು. ಕುಸುರೆಳ್ಳು ಸಾಲದಿದ್ದಾಗ ಬರೀ ಸಕ್ಕರೆಯನ್ನೇ ಕಟ್ಟಿದೆವು. ಹುಡುಗಿಯರ ಬೆರಳೆಲ್ಲ ಪತಂಗದ ಬಣ್ಣ ಹತ್ತಿ ಕೆಂಪಗಾಗಿದ್ದವು.

ರವಿವಾರ ಬೆಳಗ್ಗೆ ದಂಡು ಹೊರಟಿತು. ಹೆಂಡತಿ ಸತ್ತು ಒಬ್ಬನೇ ಇದ್ದ ಅಂಚೆಯ ಮುದುಕನಿಗೆ ಒಂದು ಎಲೆ. ಠಾಣೆಯ ಫೌಜದಾರರಿಗೆ ಒಂದು. ಬಸ್ ಸ್ಟ್ಯಾಂಡಿನ ಹೋಟೆಲಿನವನಿಗೆ ಒಂದು, ಅವನ ದುಡ್ಡಿನ ಗಲ್ಲೆಯ ಮೇಲೆ ಇನ್ನೊಂದು. ಮಠದ ಅಯ್ಯನವರಿಗೆ, ದವಾಖಾನೆಯ ಡಾಕ್ಟರರಿಗೆ, ರಜಿಯಾಳ ಹಲ್ಲಿಲ್ಲದ ಅಜ್ಜನಿಗೆ. ಪ್ರತಿ ಬಾಗಿಲಲ್ಲೂ ಹುಡುಗಿಯರು ಒಂದೇ ದನಿಯಲ್ಲಿ, “ಸಕ್ಕರಿ ಪುಡಾ ತಗೋರಿ!” ಎಂದು ಕೂಗಿ ಕಾಲಿಗೆ ಬೀಳುತ್ತಿದ್ದರು. ನೀಲಮ್ಮನ ವಿಷಯ ಊರಿಗೆ ಗೊತ್ತಿತ್ತಲ್ಲ, ಜನಕ್ಕೆ ಕೂಡಲೇ ಅರ್ಥವಾಯಿತು. ಹೋಟೆಲಿನವನು ಎಲೆಯನ್ನು ದೇವರ ಪಟಕ್ಕೆ ಸಿಕ್ಕಿಸಿ, ಚಹಾಕ್ಕೆ ಬಂದವರಿಗೆಲ್ಲ, “ನಮ್ಮ ಮನಿಗೂ ಸೊಸಿ ಗಟ್ಟಿ ಆತ್ರಿ, ನನ್ನ ಮಗ ಇನ್ನೂ ತೊಟ್ಟಿಲದಾಗ ಅದಾನ, ತಡಕೋ ಅಂದೀನಿ,” ಎಂದು ಹೇಳುತ್ತಿದ್ದ. ಅಂಚೆಯ ಮುದುಕ ಹೊಸ ಟೊಪ್ಪಿಗೆ ಹಾಕಿಕೊಂಡು ತಿರುಗಿದ.

ಕೊನೆಗೆ ಹುಡುಗಿಯರು ನೀಲಮ್ಮನ ಮನೆಗೇ ಹೋದರು. ಈ ಸಲ ಮುಂದೆ ನಿಂತವಳು ರಜಿಯಾ. ನಾನು ಬೀದಿಯ ಆಚೆ ನಿಂತು ನೋಡುತ್ತಿದ್ದೆ. ರಜಿಯಾ ಎಲೆಯನ್ನು ಎರಡೂ ಕೈಯಿಂದ ಹಿಡಿದು, “ದೊಡ್ಡಮ್ಮಾ, ಸಕ್ಕರಿ ಪುಡಾ ತಗೋರಿ. ನಾನೂ ಕೊಟ್ಟೇನ್ರಿ. ನನ್ನೂ ಸೊಸಿ ಮಾಡ್ಕೋತೀರೇನ್ರಿ?” ಎಂದಳು. ಪಡಸಾಲೆಯಲ್ಲಿ ಕೂತಿದ್ದ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನೀಲಮ್ಮ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಅವಳು ನನ್ನ ಕೋಣೆಗೆ ಬಂದಳು. ಚಪ್ಪಲಿ ಕಳೆಯದೆ ಹೊಸ್ತಿಲಲ್ಲೇ ನಿಂತಳು.

“ಊರ ಮುಂದ ನನ್ನ ನಗಿಗೇಡು ಮಾಡಿದ್ರಿ ಅಕ್ಕೋರ. ನೀವು ಲಗ್ನಾ ಆಗದ ಕೂತೀರಿ ಅಂತ ಊರಿನ ಹುಡುಗ್ಯಾರ್ನೂ ಕುಂದರಸ್ತೀರೇನು?”

“ಅವರು ಕುಂತು ಓದ್ಲಿ ಅಂತೀನ್ರಿ.”

“ಆ ಹುಡುಗಿ ನಮಗ ಬ್ಯಾಡ. ಊರೆಲ್ಲಾ ಎಲಿ ಹಂಚಿದಾಕಿ ನಮ್ಮ ಮನಿಗ್ಯಾಕ?” ಎಂದು ಹೇಳಿ ಹೊರಟುಹೋದಳು. ನಾನು ಬಾಗಿಲು ಮುಚ್ಚಿ ಕುಣಿದದ್ದು ನೆನಪಿದೆ. ಗೆದ್ದೆವು ಎಂದೇ ತಿಳಿದೆ.

ಗೆದ್ದದ್ದು ಎರಡು ದಿನದ ಮಟ್ಟಿಗೆ. ಮೂರನೆಯ ದಿನ ಕಸ್ತೂರಿ ಶಾಲೆಗೆ ಬರಲಿಲ್ಲ. ಮತ್ತೆ ಮಲ್ಲಪ್ಪನ ಮನೆ, ಮತ್ತೆ ಚಹಾ. ಈ ಸಲವೂ ಅವನು ಕೈಮುಗಿದ, ಆದರೆ ಕಣ್ಣೆತ್ತಿ ನೋಡಲಿಲ್ಲ.

“ಸಾಲಿ ಸಾಕ್ರಿ ಅಕ್ಕೋರ. ನಕ್ಕ ಮಂದಿ ನಾಳೆ ನನ್ನ ಮಗಳನ್ನ ಮಾಡ್ಕೋತಾರೇನ್ರಿ? ಅಂಗಡಿಗೆ ಬಂದವರೆಲ್ಲಾ ಬೀಗರ, ಆರಾಮೇನ್ರಿ ಅಂತಾರ. ತಕ್ಕಡಿ ಹಿಡಿಯೂದು ಬಿಟ್ಟು ತಲಿ ತಗ್ಗಸಬೇಕಾಗೇತಿ.”

“ಪರೀಕ್ಷಾ ಒಂದು ಬರೀಲಿ ಮಲ್ಲಪ್ಪ. ಇಡೀ ಸಾಲಿಗೆ ಮೊದಲು ಬರೂ ಹುಡುಗಿ ಅಕಿ.”

“ಮೊದಲು ಬಂದು ಏನ್ಮಾಡೂದೈತ್ರಿ?”

ಇಡೀ ಊರು ನಮ್ಮ ಜೊತೆ ನಕ್ಕಿತ್ತು. ಹೋಟೆಲಿನವನು, ಡಾಕ್ಟರು, ಅಯ್ಯನವರು. ಈಗ ಅದೇ ಬಾಯಿಗಳು, ತಂದೆ ಹೇಳೋದೂ ಖರೇನ ಬಿಡ್ರಿ, ಹೆಣ್ಣುಹುಡುಗಿ ಅಷ್ಟು ಮುಂದಾಗಬಾರದು ಎಂದು ಹೇಳತೊಡಗಿದವು. ಒಬ್ಬನೇ ಒಬ್ಬ ಮಲ್ಲಪ್ಪನಿಗೆ ಬುದ್ಧಿ ಹೇಳಲು ಬರಲಿಲ್ಲ. ನಮ್ಮ ಸಕ್ಕರೆಯನ್ನು ಮಾತ್ರ ಎಲ್ಲರೂ ತಿಂದಿದ್ದರು. ನೀಲಮ್ಮನ ಮೇಲೆ ನನಗಿದ್ದ ಸಿಟ್ಟು ಇವರ ಮೇಲಿನ ಸಿಟ್ಟಿನ ಮುಂದೆ ಏನೂ ಅಲ್ಲ. ಅವಳು ಎದುರಿಗೆ ಬಂದು ಬೈದು ಹೋದಳು. ಇವರು ಬೆನ್ನು ತಟ್ಟಿ, ಬೆನ್ನು ತಿರುಗಿಸಿದರು.

ನಾನು ಬಿಡಲಿಲ್ಲ. ದಿನಾ ಶಾಲೆ ಬಿಟ್ಟ ಮೇಲೆ ಅಡತಿ ಅಂಗಡಿಗೆ ಹೋಗಿ ಕಟ್ಟೆಯ ಮೇಲೆ ಕೂತೆ. ಮಲ್ಲಪ್ಪ ಜೋಳ ತೂಗುತ್ತಿದ್ದ, ನಾನು ನೋಡುತ್ತಿದ್ದೆ. ಮಾತಾಡುತ್ತಿರಲಿಲ್ಲ. ಚೀಲ ತಂದ ರೈತರು ನನ್ನನ್ನು ನೋಡುತ್ತಿದ್ದರು, ಅವನನ್ನು ನೋಡುತ್ತಿದ್ದರು. ಅವನು ತೂಕ ತಪ್ಪಿ ಅದೇ ಚೀಲವನ್ನು ಮತ್ತೆ ತೂಗುತ್ತಿದ್ದ. ನೀಲಮ್ಮನ ಮಗ, ಅಂಗಡಿಯ ಯಜಮಾನ, ಒಂದೆರಡು ಸಲ ಗೊಣಗಿದ, “ಈ ಅಕ್ಕೋರನ್ನ ಎಬ್ಬಿಸಿ ಕಳಸೋ ಮಾರಾಯಾ, ಗಿರಾಕಿ ನಿಂದರವಲ್ಲರು,” ಎಂದ. ನಾನು ಏಳಲಿಲ್ಲ. ಚಳಿ ಹೋಗಿ ಬಿಸಿಲು ಬಂತು. ಗಲ್ಲಿಯ ಬೇವಿನ ಮರ ಎಲೆ ಉದುರಿಸಿ ಚಿಗುರಿತು. ಹೊಲದಿಂದ ಬರುವ ಗಾಡಿಗಳ ಧೂಳು ನನ್ನ ಸೀರೆಗೆ, ಕಣ್ಣಿಗೆ, ಬಾಯಿಗೆ ತುಂಬಿತು. ಸಂಜೆ ರಜಿಯಾ ಆ ದಿನದ ಪಾಠವನ್ನು ಕಸ್ತೂರಿಯ ಹಿತ್ತಲಲ್ಲಿ ನಿಂತು ಗೋಡೆಯ ಮೇಲಿಂದ ಹೇಳಿ ಬರುತ್ತಿದ್ದಳು. ಕಸ್ತೂರಿ ಪಾತ್ರೆ ತಿಕ್ಕುತ್ತಾ ಕೇಳಿಸಿಕೊಳ್ಳುತ್ತಿದ್ದಳಂತೆ.

ಹೋಳಿ ಹುಣ್ಣಿಮೆಯ ಆಚೆ ಒಂದು ಸಂಜೆ ಮಲ್ಲಪ್ಪ ತಕ್ಕಡಿ ಕೆಳಗಿಟ್ಟು ತಾನೇ ನನ್ನ ಹತ್ತಿರ ಬಂದ.

“ಬರೀಲಿ ಬಿಡ್ರಿ,” ಎಂದ.

ನನಗೆ ಕೇಳಿಸಿದ್ದು ನಂಬಲಾಗಲಿಲ್ಲ. “ಏನಂದ್ರಿ?”

“ಪರೀಕ್ಷಾ ಬರೀಲಿ. ನಾಳಿಂದ ಸಾಲಿಗೆ ಕಳಸ್ತೇನಿ. ಛಲೋತ್ನಾಗಿ ಪಾಸ್ ಆಗಂಗ ನೋಡ್ಕೋರಿ.”

ನನ್ನ ಹಟದ ಮುಂದೆ ಅವನು ಮೆತ್ತಗಾದ ಎಂದುಕೊಂಡೆ. ಊರಿನ ಹೆಂಗಸರಿಗೂ ಹಾಗೆಯೇ ಹೇಳಿದೆ, ಕೂತು ಗೆದ್ದೆ ನೋಡ್ರಿ ಎಂದು. ಕಸ್ತೂರಿ ಮರುದಿನ ಬಂದು ಮೊದಲ ಬೆಂಚಿನಲ್ಲಿ ಕೂತಳು. ಕಳೆದ ಪಾಠವನ್ನೆಲ್ಲ ಹಟದಿಂದ ಓದಿ ಮುಗಿಸಿದಳು. ಪರೀಕ್ಷೆಯ ದಿನಗಳಲ್ಲಿ ಉರಿಬಿಸಿಲು. ಮಲ್ಲಪ್ಪ ತಾನೇ ಕೊಡೆ ಹಿಡಿದು ಮಗಳನ್ನು ಕರೆತಂದು ಬಿಟ್ಟು, ಪೇಪರು ಮುಗಿಯುವವರೆಗೆ ಶಾಲೆಯ ಹೊರಗೆ ಕಾಯುತ್ತಿದ್ದ. ಅವಳು ಹೊರಗೆ ಬಂದ ಕೂಡಲೇ, “ಛಲೋ ಆತೇನವ್ವಾ? ಪಾಸ್ ಆಕ್ಕಿಯಿಲ್ಲೋ?” ಎಂದು ಕೇಳುತ್ತಿದ್ದ. ಅದನ್ನು ನೋಡಿ ನನ್ನ ಕಣ್ಣು ತುಂಬಿತ್ತು. ಎಂಥ ಮನುಷ್ಯ ಹೇಗೆ ಬದಲಾದ ಎಂದು ಹೆಮ್ಮೆಪಟ್ಟೆ.

ಬೇಸಿಗೆಯ ರಜೆಗೆ ನಾನು ಬಾಗೇವಾಡಿಗೆ ಅಣ್ಣನ ಮನೆಗೆ ಬಂದೆ. ಫಲಿತಾಂಶ ಬಂದಿದೆ ಎಂದು ತಿಳಿದ ದಿನವೇ ಮುದ್ದೇಬಿಹಾಳದ ಬಸ್ಸು ಹತ್ತಿದೆ. ಕಸ್ತೂರಿ ಪಾಸಾಗಿದ್ದಳು, ಶಾಲೆಗೆ ಮೊದಲನೆಯವಳಾಗಿ. ಹೆಡ್ ಮಾಸ್ತರರು ಆ ಗಡಿಯಾರದ ಕೆಳಗೆ ನಿಂತು, ನಮ್ಮ ಶಾಲೆಯ ಹುಡುಗಿ ಎಂದು ಎದೆಯುಬ್ಬಿಸಿ ಹೇಳುತ್ತಿದ್ದರು. ಅವರಿಗೆ ಉತ್ತರ ಕೊಡಲು ನಾನು ನಿಲ್ಲಲಿಲ್ಲ. ಸುಡುವ ಬಿಸಿಲಿನಲ್ಲಿ ಓಡುತ್ತಲೇ ಮಲ್ಲಪ್ಪನ ಮನೆಗೆ ಹೋದೆ.

ಬಾಗಿಲಿಗೆ ಮಾವಿನ ತೋರಣ ಕಟ್ಟಿತ್ತು. ಅಂಗಳದಲ್ಲಿ ಜಮಖಾನೆ ಹಾಸಿತ್ತು, ನೆಂಟರು ಕೂತಿದ್ದರು. ಮಲ್ಲಪ್ಪ ಹೊಸ ಧೋತರ ಉಟ್ಟು, ತಾಟಿನ ತುಂಬಾ ಸಕ್ಕರೆ ಹಿಡಿದು ಎಲ್ಲರಿಗೂ ಹಂಚುತ್ತಿದ್ದ. ಪಾಸಾದರೆ ಸಕ್ಕರೆ ಹಂಚುವುದು ನಮ್ಮ ಕಡೆಯ ಪದ್ಧತಿಯೇ. ಒಬ್ಬ ತೂಗುವವನು ಮಗಳು ಪಾಸಾದಳೆಂದು ಇಷ್ಟು ಸಂಭ್ರಮ ಮಾಡಿದ್ದಾನಲ್ಲ ಎಂದು ನಾನು ಹಿಗ್ಗಿದೆ. ನನ್ನನ್ನು ಕಂಡದ್ದೇ ಅವನು ಓಡಿ ಬಂದು, “ಬರ್ರಿ ಅಕ್ಕೋರ, ಬರ್ರಿ. ಎಲ್ಲಾ ನಿಮ್ಮಿಂದ ಆತ್ರಿ,” ಎಂದು ನನ್ನ ಅಂಗೈಗೆ ಸಕ್ಕರೆ ಸುರಿದ. ನಾನು ಒಂದೇ ಸಲಕ್ಕೆ ಅಷ್ಟನ್ನೂ ಬಾಯಿಗೆ ಹಾಕಿಕೊಂಡೆ.

“ನಿಮ್ಮಂಥಾ ಅಪ್ಪ ಎಲ್ಲಾ ಹುಡುಗ್ಯಾರಿಗೂ ಸಿಗಲಿ ಮಲ್ಲಪ್ಪ,” ಎಂದೆ. ಬಾಯಿ ತುಂಬಾ ಸಕ್ಕರೆ ಇಟ್ಟುಕೊಂಡು ಹಾಗೆಂದೆ.

ಅವನು ನಾಚಿ ತಲೆ ಕೆರೆದುಕೊಂಡ. “ಬೀಗರು ಇಂಡಿ ಕಡೆಯವರ್ರಿ. ಹುಡುಗ ಸೊಸಾಯಟಿಯೊಳಗ ನೌಕರಿ ಮಾಡ್ತಾನ. ಹೋಳಿ ಹೊತ್ತಿಗೆ ಬಂದು ನೋಡಿ ಹೋಗಿದ್ರು. ಏಳನೇತ್ತಿ ಪಾಸಾದ ಹುಡುಗೀನ ಬೇಕು, ಪಾಸಾದ್ರ ಮುಂದಿನ ಮಾತು ಅಂದಿದ್ರು. ಅದಕ್ಕ ಬರೀಲಿ ಬಿಡ್ರಿ ಅಂದೆ. ಇವತ್ತ ಸಕ್ಕರಿ ಪುಡಾ ಆತ್ರಿ. ಈ ತಿಂಗಳದಾಗ ಲಗ್ನ.”

ಅಂಗಳದ ನೆಂಟರು ನನ್ನ ಕಡೆ ನೋಡಿ ಗೌರವದಿಂದ ಕೈಮುಗಿದರು. ಹುಡುಗಿಗೆ ಕಲಿಸಿದ ಅಕ್ಕೋರು ಇವರೇ ಎಂದು ಯಾರೋ ಹೇಳಿದರು. ಒಳಬಾಗಿಲಲ್ಲಿ ಕಸ್ತೂರಿ ನಿಂತಿದ್ದಳು. ಹಸಿರು ಸೀರೆ ಉಡಿಸಿದ್ದರು, ಅವಳ ಎತ್ತರಕ್ಕೆ ಅದು ಸಾಲುತ್ತಿರಲಿಲ್ಲ. ಅವಳು ಅಳಲಿಲ್ಲ, ಅಪ್ಪನ ಕಡೆ ನೋಡಲೂ ಇಲ್ಲ. ನೆಟ್ಟಗೆ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

“ಉಗುಳ್ರಿ ಅಕ್ಕೋರ,” ಎಂದಳು.

ಮಲ್ಲಪ್ಪ ತಾಟು ಹಿಡಿದುಕೊಂಡೇ ನಿಂತ.

“ಉಗುಳ್ರಿ,” ಎಂದು ಇನ್ನೊಮ್ಮೆ ಹೇಳಿದಳು.

ನಾನು ಅವನ ಅಂಗಳದಲ್ಲಿ, ಆ ನೆಂಟರೆಲ್ಲರ ಮುಂದೆ ಉಗುಳಬೇಕೆಂದು ಬಾಯಿ ತೆರೆದೆ. ಸಕ್ಕರೆ ಕರಗಿ ಗಂಟಲೊಳಗೆ ಇಳಿದು ಆಗಿತ್ತು.